ವಿಂಡೋಸ್ ಬಿಟ್ಟು ಲಿನಕ್ಸ್‌ಗೆ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯವರು ಎದುರು ಸಿಕ್ಕಾಗ, ಫೋನಿನಲ್ಲಿ, ಕಾಗದದಲ್ಲಿ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ. ಮೊದಲಿನಿಂದ ಕೊನೆಯವರೆಗೆ ಓದಬೇಕೆಂದಿಲ್ಲ. ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೇ ಹೋಗಿ. ವಿಂಡೋಸಿನ ಜಾಗದಲ್ಲಿ ಕಂಪ್ಯೂಟರನ್ನು ನಡೆಸಬಲ್ಲ ಉಚಿತ ವ್ಯವಸ್ಥೆ ಲಿನಕ್ಸ್. ನಾನು ಅದರ ಪರ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಎಲ್ಲರೂ ಬದಲಾಯಿಸಲೇಬೇಕು ಅನ್ನುವವನಲ್ಲ. ನೀವು ಕಂಪ್ಯೂಟರಿನಲ್ಲಿ ದಿನಾ ಏನು ಮಾಡುತ್ತೀರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಉತ್ತರ ಹೆಚ್ಚುಕಮ್ಮಿ ಆ ಚೀಟಿಯಲ್ಲೇ ಇರುತ್ತದೆ.

## ಶುರುವಿನ ಪ್ರಶ್ನೆಗಳು

ಎಂತಕ್ಕೆ ಬದಲಾಯಿಸ್ಬೇಕು ಮಾರಾಯ್ರೆ, ಈಗಿರೋದು ಚೆನ್ನಾಗೇ ನಡೀತಿದೆಯಲ್ಲ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟಿಗೆ ಹೆಸರು ನೋಂದಾಯಿಸಿದ ಮನೆಬಳಕೆಯವರಿಗೆ ಇನ್ನೊಂದು ವರ್ಷ ಸಿಕ್ಕಿತು, ಅಷ್ಟೆ. ಅಪ್‌ಡೇಟ್ ನಿಂತ ಮಾತ್ರಕ್ಕೆ ಮಷೀನು ನಿಲ್ಲುವುದಿಲ್ಲ, ಹಾಗಾಗಿ ಎಲ್ಲವೂ ಚೆನ್ನಾಗೇ ಇದ್ದಂತೆ ಕಾಣುತ್ತದೆ. ಆದರೆ ಮುಂದೆ ಕಂಡುಬರುವ ತೂತುಗಳನ್ನು ಮುಚ್ಚುವವರು ಇರುವುದಿಲ್ಲ. ಅದೇ ಮಷೀನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರು ಇದನ್ನು ಯೋಚಿಸಲೇಬೇಕು.

ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ಮುಂದಿನದ್ದು ಬೇಕು. 2017ಕ್ಕಿಂತ ಮೊದಲು ಕೊಂಡ ಮಷೀನುಗಳು ಬಹುಪಾಲು ಇಲ್ಲೇ ಹೊರಗುಳಿಯುತ್ತವೆ. ಗಟ್ಟಿಮುಟ್ಟಾದ ಮಷೀನನ್ನು ಗುಜರಿಗೆ ಹಾಕುವ ಬದಲು ಅದರಲ್ಲಿ ಲಿನಕ್ಸ್ ನಡೆಸಬಹುದು. ನಿಮ್ಮ ಮಷೀನು ಹೊಸದಾಗಿದ್ದು ವಿಂಡೋಸ್ 11 ಸರಾಗ ನಡೆಯುತ್ತಿದ್ದರೆ ಅವಸರವೇನೂ ಇಲ್ಲ.

ಲಿನಕ್ಸ್ ಅಂದ್ರೆ ಒಂದಾ, ಹತ್ತಾ? ಉಬುಂಟು ಅಂತಾರೆ, ಮಿಂಟ್ ಅಂತಾರೆ. ಯಾವುದು ಹಾಕ್ಲಿ?

ಲಿನಕ್ಸ್ ಎಂಬುದು ನಿಜವಾಗಿ ಒಳಗಿನ ತಿರುಳಿನ ಹೆಸರು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಅದನ್ನು ಬರೆಯಲು ತೊಡಗಿದರು. ಅದರ ಸುತ್ತ ಬೇಕಾದ ತಂತ್ರಾಂಶಗಳನ್ನೆಲ್ಲ ಜೋಡಿಸಿ ಬೇರೆ ಬೇರೆ ತಂಡಗಳು ಹಂಚುತ್ತವೆ. ಒಂದೇ ತೋಟದ ಅಡಿಕೆ ಮಂಡಿಗೆ ಹೋಗುವಾಗ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆಯಾಗುವ ಹಾಗೆ. ಡೆಬಿಯನ್ 1993ರದ್ದು, ಅದರ ಮೇಲೆ ಕಟ್ಟಿದ ಉಬುಂಟು 2004ರದ್ದು, ಉಬುಂಟು ಮೇಲೆ ಕಟ್ಟಿದ ಮಿಂಟ್ 2006ರದ್ದು.

ಮೊದಲ ಸಲ ಹಾಕುವವರಿಗೆ ನಾನು ಹೇಳುವುದು ಮಿಂಟ್, ಅದರಲ್ಲೂ ಸಿನಮನ್ ಆವೃತ್ತಿ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ವಿಂಡೋಸ್ ಬಳಸಿದವರ ಕೈ ತಡಕಾಡುವುದಿಲ್ಲ. ಮಿಂಟ್‌ನ 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಯಾವುದು ಶ್ರೇಷ್ಠ ಎಂದು ತಿಂಗಳುಗಟ್ಟಲೆ ವಿಡಿಯೊ ನೋಡುತ್ತ ಕೂತವರು ಕೊನೆಗೂ ಏನನ್ನೂ ಹಾಕುವುದಿಲ್ಲ.

ಪುಕ್ಕಟೆ ಕೊಡ್ತಾರೆ ಅಂದ್ರೆ ಅದರ ಹಿಂದೆ ಏನೋ ಇರ್ಬೇಕಲ್ವಾ?

ಇದೆ, ಗುಟ್ಟೇನೂ ಅಲ್ಲ. ದೊಡ್ಡ ಕಂಪನಿಗಳು ತಮ್ಮ ಸರ್ವರುಗಳಿಗೆ ಲಿನಕ್ಸ್ ಬೇಕೆಂದು ಅದಕ್ಕೆ ಕೆಲಸಗಾರರನ್ನು ಇಟ್ಟಿವೆ. ರೆಡ್ ಹ್ಯಾಟ್, ಕೆನಾನಿಕಲ್ ಥರದ ಲಿನಕ್ಸ್ ಕಂಪನಿಗಳು ಸೇವೆ ಮಾರಿ ದುಡಿಯುತ್ತವೆ. ಮಿಂಟ್ ತಂಡ ಮುಖ್ಯವಾಗಿ ದೇಣಿಗೆ ಮತ್ತು ಪ್ರಾಯೋಜಕರಿಂದ ನಡೆಯುತ್ತದೆ. ಒಳಗಿನ ಸಂಕೇತ ಎಲ್ಲರಿಗೂ ತೆರೆದಿರುವುದರಿಂದ ಕದ್ದು ಏನನ್ನಾದರೂ ಸೇರಿಸುವುದು ಕಷ್ಟ. ನಮ್ಮ ಪೇಟೆಗಳಲ್ಲಿ ಮಷೀನಿನ ಜೊತೆ ಸುಮ್ಮನೆ ಹಾಕಿಕೊಡುವ ಕ್ರ್ಯಾಕ್ ಮಾಡಿದ ವಿಂಡೋಸ್ ಇದೆಯಲ್ಲ, ಅನುಮಾನ ಪಡುವುದಾದರೆ ಅದರ ಮೇಲೆ ಪಡಿ.

ನಮ್ಮನೆ ಲ್ಯಾಪ್‌ಟಾಪ್ ಹತ್ತು ವರ್ಷದ್ದು. ಎಳೀತದಾ?

4 ಜಿಬಿ ರ‍್ಯಾಮ್ ಇದ್ದರೆ ಬ್ರೌಸರ್, ಬರವಣಿಗೆ, ವಿಡಿಯೊ ಎಲ್ಲ ಆಗುತ್ತದೆ. ತೀರಾ ನಿಧಾನವಾದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಆದರೆ ಹಳೇ ಮಷೀನಿನ ನಿಜವಾದ ತೊಂದರೆ ಸಾಮಾನ್ಯವಾಗಿ ತಿರುಗುವ ಹಾರ್ಡ್ ಡಿಸ್ಕ್. ಅದನ್ನು ತೆಗೆದು, ತಿರುಗುವ ಭಾಗವಿಲ್ಲದ ವೇಗದ ಡಿಸ್ಕಾದ 256 ಜಿಬಿ ಎಸ್‌ಎಸ್‌ಡಿ ಹಾಕಿಸಿ. ಈ ಒಂದು ಖರ್ಚು ಮಾಡುವ ಬದಲಾವಣೆಯನ್ನು ಯಾವ ತಂತ್ರಾಂಶವೂ ಮಾಡಲಾರದು. 32 ಬಿಟ್ ಪ್ರೊಸೆಸರಿನ ಮಷೀನಾದರೆ ಬಿಟ್ಟುಬಿಡಿ. 2025ರಲ್ಲಿ ಬಂದ ಡೆಬಿಯನ್ 13ರಿಂದ ಅವರೂ ಅದಕ್ಕೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದ್ದಾರೆ.

ಇರೋದನ್ನ ಅಳಿಸದೇ ಬರೀ ನೋಡಕ್ಕೆ ಆಗ್ತದಾ?

ಆಗುತ್ತದೆ, ಹಾಗೇ ಮಾಡಿ. ಐಎಸ್‌ಒ ಕಡತ, ಅಂದರೆ ಮಿಂಟ್ ಇಡಿಯಾಗಿ ಅಡಕವಾಗಿರುವ ಒಂದೇ ಕಡತ, ಸುಮಾರು 3 ಜಿಬಿ. 8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಅದನ್ನು ಬರೆಯಿರಿ. ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ, ಅಂದರೆ ಮಷೀನು ಅದರಿಂದ ಶುರುವಾಗುವುದಿಲ್ಲ. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಯುತ್ತದೆ, ಮದುವೆ ಫೋಟೊ ಇದ್ದರೆ ತೆಗೆದಿಟ್ಟುಕೊಳ್ಳಿ. ಮಷೀನು ಶುರುವಾಗುವಾಗ ಡೆಲ್, ಲೆನೊವೊ ಆದರೆ ಸಾಮಾನ್ಯವಾಗಿ ಎಫ್12, ಎಚ್‌ಪಿ ಆದರೆ ಎಫ್9 ಒತ್ತಿ ಪೆನ್‌ಡ್ರೈವನ್ನು ಆರಿಸಿ. ಲಿನಕ್ಸ್ ಅಲ್ಲಿಂದಲೇ ನಡೆಯುತ್ತದೆ, ಒಳಗಿನ ಡಿಸ್ಕನ್ನು ಮುಟ್ಟುವುದಿಲ್ಲ. ವೈಫೈ, ಶಬ್ದ, ಕ್ಯಾಮೆರಾ, ಪರದೆಯ ಬೆಳಕು, ಪ್ರಿಂಟರ್ ಎಲ್ಲವನ್ನೂ ಈ ಸ್ಥಿತಿಯಲ್ಲೇ ಪರೀಕ್ಷಿಸಿ. ಪೆನ್‌ಡ್ರೈವಿನಿಂದ ನಡೆಯುವಾಗ ಸ್ವಲ್ಪ ನಿಧಾನ ಇರುತ್ತದೆ, ಅದನ್ನು ನೋಡಿ ತೀರ್ಮಾನಿಸಬೇಡಿ.

## ಊರು, ಮಳೆ, ನೆಟ್‌ವರ್ಕು

ನಮ್ಮೂರಲ್ಲಿ ನೆಟ್‌ವರ್ಕ್ ಬೇಕಂದ್ರೆ ಗುಡ್ಡ ಹತ್ಬೇಕು. ಅಪ್‌ಡೇಟ್ ಎಲ್ಲಿಂದ ತರೋದು?

ಮಿಂಟ್ ತಾನಾಗಿ ಡೌನ್‌ಲೋಡ್ ಮಾಡಿ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಅಪ್‌ಡೇಟ್ ಇದೆ ಎಂದು ಮೂಲೆಯಲ್ಲಿ ಗುರುತು ತೋರಿಸಿ ಸುಮ್ಮನಿರುತ್ತದೆ. ಪಟ್ಟಿ ತೆರೆದರೆ ಯಾವುದು ಭದ್ರತೆಯದ್ದು, ಎಷ್ಟು ಎಂಬಿ ಎಂಬುದು ಕಾಣುತ್ತದೆ. ಭದ್ರತೆಯದ್ದನ್ನೂ ಬ್ರೌಸರನ್ನೂ ಮೊದಲು ಹಾಕಿಕೊಳ್ಳಿ, ಉಳಿದದ್ದನ್ನು ಪೇಟೆಗೆ ಹೋದಾಗ. ಲ್ಯಾಪ್‌ಟಾಪ್ ಆದರೆ ಶಿವಮೊಗ್ಗಕ್ಕೋ ಸಾಗರಕ್ಕೋ ಹೋಗುವ ದಿನ ಚೀಲಕ್ಕೆ ಹಾಕಿಕೊಂಡು ಹೋದರೆ ತಿಂಗಳ ಬಾಕಿ ಒಂದೇ ಸಲಕ್ಕೆ ತೀರುತ್ತದೆ.

ತಂತ್ರಾಂಶ ಹಾಕುವಾಗ ಒಂದು ಸೂಕ್ಷ್ಮ ಇದೆ. ಒಂದೇ ತಂತ್ರಾಂಶ ಕೆಲವೊಮ್ಮೆ ಎರಡು ರೂಪದಲ್ಲಿ ಸಿಗುತ್ತದೆ: ಸಿಸ್ಟಂ ಪ್ಯಾಕೇಜ್ ಮತ್ತು ಫ್ಲ್ಯಾಟ್‌ಪ್ಯಾಕ್. ಫ್ಲ್ಯಾಟ್‌ಪ್ಯಾಕ್ ತನಗೆ ಬೇಕಾದ ಸಾಮಾನನ್ನೆಲ್ಲ ಜೊತೆಗೆ ಎಳೆದುಕೊಂಡು ಬರುವುದರಿಂದ ಮೊದಲ ಸಲ ನೂರಾರು ಎಂಬಿ ಹೋಗಬಹುದು. ನೆಟ್ ಕಡಿಮೆ ಇರುವವರು ಸಿಸ್ಟಂ ಪ್ಯಾಕೇಜನ್ನೇ ಆರಿಸಿ.

ಮಳೆಗಾಲದಲ್ಲಿ ಕರೆಂಟು ಬಂದು ಬಂದು ಹೋಗ್ತದೆ. ಲಿನಕ್ಸ್ ಕೆಟ್ಟು ಹೋಗಲ್ವಾ?

ಆಗುಂಬೆ, ಹೊಸನಗರ ಕಡೆಯ ಆಷಾಢದಲ್ಲಿ ಯಾವ ಸಿಸ್ಟಮ್ಮಿಗೂ ಸುಖವಿಲ್ಲ. ಲಿನಕ್ಸ್ ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಕಡತ ವ್ಯವಸ್ಥೆ ತಾನು ಮಾಡಹೊರಟ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಳ್ಳುತ್ತದೆ. ನಡುವೆ ಕರೆಂಟು ಹೋದರೆ ಮುಂದಿನ ಸಲ ಅದನ್ನು ನೋಡಿ ಸರಿಪಡಿಸಿಕೊಳ್ಳುತ್ತದೆ. ನೀವು ಸೇವ್ ಮಾಡದ ಪುಟವನ್ನು ಮಾತ್ರ ಅದು ತಂದುಕೊಡಲಾರದು. ಅದಕ್ಕೆ ಲಿಬ್ರೆಆಫೀಸಿನಲ್ಲಿ ತಾನಾಗಿ ಉಳಿಸಿಕೊಳ್ಳುವ ಅವಧಿಯನ್ನು ಎರಡು ನಿಮಿಷಕ್ಕೆ ಇಳಿಸಿ. ಅಪ್‌ಡೇಟ್ ನಡೆಯುವಾಗ ಕರೆಂಟು ಹೋಗುವುದು ನಿಜವಾದ ಅಪಾಯ. ಡೆಸ್ಕ್‌ಟಾಪ್ ಇಟ್ಟವರು ಯುಪಿಎಸ್ ಇಲ್ಲದೆ ಗುಡುಗು ಮಳೆಯ ದಿನ ಅಪ್‌ಡೇಟ್ ಒತ್ತಬೇಡಿ.

ಮಿಂಟ್ ಹಾಕಿದ ದಿನವೇ ಟೈಮ್‌ಶಿಫ್ಟ್ ಎಂಬುದನ್ನು ಚಾಲೂ ಮಾಡಿ. ಸಿಸ್ಟಂ ಹದಗೆಟ್ಟರೆ ಹಿಂದಿನ ದಿನದ ಸ್ಥಿತಿಗೆ ಮರಳಿಸುತ್ತದೆ. ನಿಮ್ಮ ಸ್ವಂತ ಕಡತಗಳಿಗೆ ಇದು ಬ್ಯಾಕಪ್ ಅಲ್ಲ. ಅದನ್ನು ಬೇರೆ ಡಿಸ್ಕಿನಲ್ಲಿ ಬೇರೆಯಾಗಿ ಇಡಬೇಕು.

ಪ್ರಿಂಟರ್ ಹಿಡೀತದಾ?

ಎಚ್‌ಪಿಯ ಹೆಚ್ಚಿನವು ಹಿಡಿಯುತ್ತವೆ. ಲೇಸರ್‌ಜೆಟ್ 1020ರಂಥ ಕೆಲವು ಹಳೇ ಸಣ್ಣ ಮಾದರಿಗಳಿಗೆ ಒಂದು ಪ್ಲಗಿನ್ ಇಳಿಸಿಕೊಳ್ಳಬೇಕು, ಆಗ ನೆಟ್ ಬೇಕು. ಎಪ್ಸನ್‌ನ ಇಂಕ್ ಟ್ಯಾಂಕ್ ಮಾದರಿಗಳಿಗೆ, ಬ್ರದರ್‌ಗೆ ಲಿನಕ್ಸ್ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಇದೆ. ವೈಫೈ ಇರುವ ಹೊಸ ಪ್ರಿಂಟರುಗಳು ಡ್ರೈವರೇ ಇಲ್ಲದೆ ನಡೆಯುವುದು ಹೆಚ್ಚು. ಕಷ್ಟ ಕೊಡುವುದು ನಮ್ಮ ಕಡೆ ಝೆರಾಕ್ಸ್ ಅಂಗಡಿ, ವಕೀಲರ ಕಚೇರಿಗಳಲ್ಲಿ ಸಾಮಾನ್ಯವಾಗಿರುವ ಕ್ಯಾನನ್ ಎಲ್‌ಬಿಪಿ 2900. ನಡೆಸಬಹುದು, ಆದರೆ ಗೊತ್ತಿದ್ದವರು ಪಕ್ಕದಲ್ಲಿ ಕೂತು ಮಾಡಿಕೊಡಬೇಕು.

## ಕನ್ನಡ

ಇಪ್ಪತ್ತು ವರ್ಷದಿಂದ ನುಡಿ ಕೀಬೋರ್ಡಲ್ಲೇ ಹೊಡೆದು ರೂಢಿ. ಅದೇ ಸಿಗ್ತದಾ?

ನುಡಿ ತಂತ್ರಾಂಶ ವಿಂಡೋಸಿಗಾಗಿ ಮಾಡಿದ್ದು. ಆದರೆ ನಿಮ್ಮ ಬೆರಳಿಗೆ ರೂಢಿಯಾಗಿರುವುದು ತಂತ್ರಾಂಶವಲ್ಲ, ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿವಿನ್ಯಾಸ. ಅದು ಲಿನಕ್ಸಿನಲ್ಲೂ ಇದೆ. ಐಬಸ್ ಅಥವಾ ಎಫ್‌ಸಿಐಟಿಎಕ್ಸ್ ಎಂಬ ಟೈಪಿಂಗ್ ವ್ಯವಸ್ಥೆಯ ಜೊತೆ ಎಂ17ಎನ್ ಎಂಬ ಪ್ಯಾಕೇಜ್ ಹಾಕಿ, ಲಾಗೌಟ್ ಆಗಿ ಮತ್ತೆ ಒಳಗೆ ಬಂದು, ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಎಂಬುದನ್ನು ಆರಿಸಿ. ಬರಹದ ಹಾಗೆ ಇಂಗ್ಲಿಷ್ ಉಚ್ಚಾರದಲ್ಲಿ ಹೊಡೆಯುವವರಿಗೆ ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಕಲಿತವರಿಗೆ ಇನ್‌ಸ್ಕ್ರಿಪ್ಟ್ ಅಲ್ಲೇ ಇವೆ. ಅರ್ಕಾವೊತ್ತು, ವಿಸರ್ಗದಂಥ ಒಂದೆರಡು ಕಡೆ ಕೀಲಿ ಹುಡುಕಬೇಕಾಗಬಹುದು. ವಾರದಲ್ಲಿ ಕೈ ಹೊಂದಿಕೊಳ್ಳುತ್ತದೆ.

ಹಳೇ ಕಡತ ತೆರೆದ್ರೆ ಕನ್ನಡದ ಬದಲು ಎಂತೆಂತದೋ ಇಂಗ್ಲಿಷ್ ಚಿಹ್ನೆ ಬರ್ತದೆ. ಲಿನಕ್ಸ್ ಹಾಳು ಮಾಡ್ತಾ?

ಇಲ್ಲ. ಇದು ಲಿನಕ್ಸಿನ ತೊಂದರೆಯೇ ಅಲ್ಲ. ಆದರೆ ಬದಲಾಯಿಸಿದ ದಿನವೇ ಕಣ್ಣಿಗೆ ಬೀಳುವುದರಿಂದ ಬೈಗುಳ ಲಿನಕ್ಸಿಗೆ. ಬದಲಾಯಿಸಲು ಹೊರಟವರನ್ನು ತಡೆಯುವ ದೊಡ್ಡ ಗೋಡೆ ಇದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಳೆಯ ನುಡಿ, ಬರಹ, ಶ್ರೀಲಿಪಿ ಕಡತಗಳಲ್ಲಿ ಇರುವುದು ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್ ಮಾತ್ರ ಅವನ್ನು ಕನ್ನಡವಾಗಿ ತೋರಿಸುತ್ತಿತ್ತು. ಆ ಫಾಂಟ್ ಇಲ್ಲದ ಯಾವ ಮಷೀನಿನಲ್ಲಿ ತೆರೆದರೂ, ಹೊಸ ವಿಂಡೋಸ್ ಆದರೂ ಸರಿ, ಒಳಗಿನ ಇಂಗ್ಲಿಷ್ ಚಿಹ್ನೆಗಳು ಹೊರಗೆ ಬರುತ್ತವೆ. ಒಂದೊಂದು ಲಿಪಿಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಮಾತ್ರ ಕನ್ನಡಕ್ಕೆ ತನ್ನದೇ ಜಾಗ ಇದೆ.

ಸದ್ಯಕ್ಕೆ ಓದಿ ಪ್ರಿಂಟ್ ತೆಗೆದರೆ ಸಾಕು ಎಂದಾದರೆ ಉಪಾಯ ಸುಲಭ. ಹಳೇ ವಿಂಡೋಸಿನ ಫಾಂಟ್ ಫೋಲ್ಡರಿನಿಂದ ಆ ಫಾಂಟಿನ ಟಿಟಿಎಫ್ ಕಡತಗಳನ್ನು ತಂದು ಲಿನಕ್ಸಿನಲ್ಲಿ ಹಾಕಿ. ಕಡತ ಮೊದಲಿನಂತೆಯೇ ಕಾಣುತ್ತದೆ. ವಿಂಡೋಸ್ ಅಳಿಸುವ ಮುಂಚೆಯೇ ಈ ಫಾಂಟುಗಳನ್ನು ಪೆನ್‌ಡ್ರೈವಿಗೆ ತೆಗೆದಿಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಆದರೆ ಹಾಗೆ ಕಾಣುವ ಕಡತದಲ್ಲಿ ಹುಡುಕಲು ಬರುವುದಿಲ್ಲ, ವಾಟ್ಸಾಪಿಗೆ ಅಂಟಿಸಿದರೆ ಮತ್ತೆ ಚಿಹ್ನೆಗಳೇ. ಮುಂದೆಯೂ ಬಳಸಬೇಕಾದ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ನುಡಿಯ ಜೊತೆಗೇ ಪರಿವರ್ತಕ ಇದೆ, ಉಚಿತವಾಗಿ ಬೇರೆಯವೂ ಸಿಗುತ್ತವೆ. ಕಡತ ಯಾವ ಫಾಂಟಿನದ್ದು ಎಂದು ಮೊದಲು ನೋಡಿ. ನುಡಿಯ ಪರಿವರ್ತಕಕ್ಕೆ ಶ್ರೀಲಿಪಿ ಕೊಟ್ಟರೆ ಅರ್ಥವಿಲ್ಲದ್ದು ಬರುತ್ತದೆ. ಕನ್ನಡದ ನಡುವೆ ಇಂಗ್ಲಿಷ್ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದುಕೊಂಡು ಕೆಡಿಸುತ್ತದೆ, ಅವನ್ನು ಬೇರೆ ಮಾಡಿ ಕೊಡಿ. ಆದ ಮೇಲೆ ಒತ್ತಕ್ಷರ, ಅರ್ಕಾವೊತ್ತು, ಅಂಕಿಗಳನ್ನು ಮೂಲದ ಜೊತೆ ಇಟ್ಟು ನೋಡಿ. ಸಂಘದ ಬೈಲಾ, ದೇವಸ್ಥಾನದ ಲೆಕ್ಕ, ಯಕ್ಷಗಾನ ಪ್ರಸಂಗದ ಪದ್ಯಗಳು: ಇಂಥವನ್ನು ಮೊದಲು ಮಾಡಿ. 2009ರ ಸಭೆಯ ಆಮಂತ್ರಣ ಪತ್ರಿಕೆಯನ್ನು ಪರಿವರ್ತಿಸುತ್ತ ರಾತ್ರಿ ಕಳೆಯಬೇಡಿ. ಮೂಲ ಕಡತವನ್ನಂತೂ ಅಳಿಸಲೇಬೇಡಿ.

ತುಂಗಾ ಫಾಂಟ್ ಇಲ್ಲ ಅಂತದೆ. ಶಿವಮೊಗ್ಗದಲ್ಲಿ ತುಂಗೆ ಇಲ್ಲ ಅಂದ್ರೆ ಹೆಂಗೆ?

ತುಂಗಾ ವಿಂಡೋಸ್ ಜೊತೆ ಬರುವ ಫಾಂಟ್, ಲಿನಕ್ಸ್ ಜೊತೆ ಹಂಚಲು ಅನುಮತಿ ಇಲ್ಲ. ಅದು ಯೂನಿಕೋಡ್ ಫಾಂಟ್ ಆದ್ದರಿಂದ ಕಡತ ಕೆಡುವುದಿಲ್ಲ, ಬೇರೆ ಫಾಂಟಿನಲ್ಲಿ ಕಾಣುತ್ತದೆ. ಸಾಲು, ಪುಟ ಸ್ವಲ್ಪ ಆಚೀಚೆ ಆಗಬಹುದು. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಎಲ್ಲವೂ ಉಚಿತ. ಓದಲು ನನಗೆ ನೋಟೊ ಸೆರಿಫ್ ಹಿತ.

ಮದುವೆ ಕಾರ್ಡು, ಬ್ಯಾನರ್ ಮಾಡ್ತೀನಿ. ಪೇಜ್‌ಮೇಕರ್, ಕೋರಲ್ ಇಲ್ದೆ ನಡೀತದಾ?

ಅಂಗಡಿಯ ಮುಖ್ಯ ಮಷೀನಿನಲ್ಲಿ ಬೇಡ. ಗಿರಾಕಿ ಕಳೆದ ವರ್ಷದ ಕೋರಲ್ ಕಡತ ತಂದು ಹೆಸರು ಬದಲಿಸಿಕೊಡಿ ಅನ್ನುತ್ತಾನೆ, ಆಗ ಸಿಕ್ಕಿಬೀಳುತ್ತೀರಿ. ಹೊಸದಾಗಿ ಶುರುಮಾಡುವವರಿಗೆ ಇಂಕ್‌ಸ್ಕೇಪ್ (ಚಿತ್ರ ಬಿಡಿಸಲು) ಮತ್ತು ಸ್ಕ್ರೈಬಸ್ (ಪುಟ ವಿನ್ಯಾಸಕ್ಕೆ) ಸಾಕು. 2024ರಲ್ಲಿ ಬಂದ ಸ್ಕ್ರೈಬಸ್ 1.6ರಲ್ಲಿ ಯೂನಿಕೋಡ್ ಕನ್ನಡ ಒತ್ತಕ್ಷರ ಸಮೇತ ಸರಿಯಾಗಿ ಕೂರುತ್ತದೆ. ಅಲಂಕಾರದ ಕನ್ನಡ ಫಾಂಟುಗಳು ಯೂನಿಕೋಡಿನಲ್ಲಿ ಇನ್ನೂ ಕಡಿಮೆ ಎಂಬ ಡಿಟಿಪಿಯವರ ದೂರು ಮಾತ್ರ ನ್ಯಾಯವಾದದ್ದೇ.

## ದುಡಿಮೆ ಮತ್ತು ಓದು

ಮಂಡಿ ಲೆಕ್ಕ ಎಲ್ಲ ಟ್ಯಾಲಿಯಲ್ಲಿದೆ. ಅದು ಬರ್ತದಾ?

ಟ್ಯಾಲಿಪ್ರೈಮ್ ವಿಂಡೋಸಿಗೆ ಮಾಡಿದ ತಂತ್ರಾಂಶ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ನಡೆಸುವ ವೈನ್ ಎಂಬುದರ ಮೂಲಕ ಲಿನಕ್ಸಿನಲ್ಲಿ ತೆರೆಯುವವರಿದ್ದಾರೆ. ಆದರೆ ಅಡಿಕೆ ವ್ಯಾಪಾರದ ಲೆಕ್ಕವನ್ನು ಹಾಗೆ ನಡೆಸಿ ಎಂದು ನಾನು ಹೇಳುವುದಿಲ್ಲ. ಮಾರ್ಚ್ ಕೊನೆಯ ವಾರ ಅದು ಕೈಕೊಟ್ಟರೆ ನೋಡಲು ಯಾರೂ ಸಿಗುವುದಿಲ್ಲ. ಡಿಜಿಟಲ್ ಸಹಿಯ ಟೋಕನ್ ವಿಷಯವೂ ಹೀಗೇ. ಕೆಲವು ಟೋಕನ್ನಿಗೆ ಲಿನಕ್ಸ್ ಡ್ರೈವರ್ ಇದೆ, ಆದರೂ ಕೆಲಸ ನಿಂತರೆ ನಷ್ಟ ನಿಮ್ಮದು. ಟ್ಯಾಲಿ ಇರುವ ಮಷೀನನ್ನು ವಿಂಡೋಸಿನಲ್ಲೇ ಬಿಟ್ಟು ಮನೆಯದ್ದನ್ನು ಬದಲಾಯಿಸಿ.

ನಾನು ಗ್ರಾಮ ಒನ್ ನಡೆಸ್ತೀನಿ. ಹಾಕ್ಬಹುದಾ?

ಬೇಡ. ಬೆರಳಚ್ಚು ಸಾಧನಗಳ ಆಧಾರ್ ತಂತ್ರಾಂಶ ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡಿಗೆ ಇದೆ. ಜನ ಸಾಲಿನಲ್ಲಿ ನಿಂತಿರುವಾಗ ಪ್ರಯೋಗ ಮಾಡುವ ಹಾಗಿಲ್ಲ.

ಪಹಣಿ ತೆಗೆಯೋದು, ಇಸಿ ನೋಡೋದು, ಬ್ಯಾಂಕು ಇವೆಲ್ಲ?

ಭೂಮಿ, ಕಾವೇರಿ, ಸೇವಾ ಸಿಂಧು, ಬ್ಯಾಂಕ್ ಎಲ್ಲವೂ ಬ್ರೌಸರಿನಲ್ಲಿ ನಡೆಯುವಂಥವು. ಕ್ರೋಮ್, ಫೈರ್‌ಫಾಕ್ಸ್ ಎರಡೂ ಲಿನಕ್ಸಿಗೆ ಇವೆ. ತೋಟದ ಮನೆಯಲ್ಲಿ ಕಂಪ್ಯೂಟರಿನ ಕೆಲಸ ಹೆಚ್ಚಾಗಿ ಇಷ್ಟೇ ಇರುವುದರಿಂದ ಬದಲಾಯಿಸಲು ಅತಿ ಸುಲಭವಾದ ಮನೆಗಳು ಇವೇ.

ಮಗಳು ಇಂಜಿನಿಯರಿಂಗ್ ಸೇರಿದಾಳೆ. ಅವಳಿಗೆ ತೊಂದರೆ ಆಗ್ತದಾ?

ಕಂಪ್ಯೂಟರ್ ಸೈನ್ಸ್ ಆದರೆ ಅನುಕೂಲವೇ. ಪ್ರೋಗ್ರಾಮ್ ಬರೆಯಲು ಬೇಕಾದ ಜಿಸಿಸಿ, ಪೈಥಾನ್, ಗಿಟ್ ಎಲ್ಲ ಲಿನಕ್ಸಿನಲ್ಲಿ ಮನೆಮಕ್ಕಳು. ಮೆಕ್ಯಾನಿಕಲ್, ಸಿವಿಲ್ ಆದರೆ ಆಟೊಕ್ಯಾಡ್, ಸಾಲಿಡ್‌ವರ್ಕ್ಸ್ ಬೇಕಾಗುತ್ತದೆ, ಅವು ಲಿನಕ್ಸಿಗಿಲ್ಲ. ಕೆಲವು ಆನ್‌ಲೈನ್ ಪರೀಕ್ಷೆಗಳ ಕಾವಲು ತಂತ್ರಾಂಶವೂ ವಿಂಡೋಸನ್ನೇ ಕೇಳುತ್ತದೆ. ಎರಡನ್ನೂ ಇಟ್ಟುಕೊಳ್ಳಲಿ.

ವರ್ಡ್, ಎಕ್ಸೆಲ್ ಕಡತ ತೆರೀತದಾ?

ಲಿಬ್ರೆಆಫೀಸ್ ಜೊತೆಗೇ ಬರುತ್ತದೆ, ಮೆನುವನ್ನು ಕನ್ನಡದಲ್ಲೂ ಇಟ್ಟುಕೊಳ್ಳಬಹುದು. ಪತ್ರ, ಪಟ್ಟಿ, ಸಾಮಾನ್ಯ ಲೆಕ್ಕ ತೊಂದರೆಯಿಲ್ಲ. ಮ್ಯಾಕ್ರೊ ತುಂಬಿದ ಎಕ್ಸೆಲ್ ಹಾಳೆಗಳು ಕೈಕೊಡುತ್ತವೆ. ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ.

## ಹಾಕುವಾಗ ಮತ್ತು ಹಾಕಿದ ಮೇಲೆ

ಎರಡೂ ಒಂದೇ ಮಷೀನಲ್ಲಿ ಇಟ್ಕೊಳ್ಳೋದು ಹೆಂಗೆ?

ಮೊದಲು ಬ್ಯಾಕಪ್. ಆಮೇಲೆ ವಿಂಡೋಸಿನಲ್ಲೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು 60 ಜಿಬಿಯಷ್ಟಾದರೂ ಜಾಗ ಬಿಡಿಸಿ. ಫಾಸ್ಟ್ ಸ್ಟಾರ್ಟಪ್ ಎಂಬುದನ್ನು ಬಂದ್ ಮಾಡಿ. ಅದು ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅದರ ಡಿಸ್ಕಿಗೆ ಲಿನಕ್ಸಿನಿಂದ ಬರೆಯಲು ಆಗುವುದಿಲ್ಲ. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿನಲ್ಲಿರುವುದಕ್ಕೆ ಬೀಗ ಹಾಕುವ ವ್ಯವಸ್ಥೆ) ಚಾಲೂ ಇದೆಯೇ ನೋಡಿ. ಇದ್ದರೆ ರಿಕವರಿ ಕೀಯ 48 ಅಂಕಿಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಒಂದು ಹೆಜ್ಜೆಯೂ ಮುಂದಿಡಬೇಡಿ. ಬೂಟ್ ವ್ಯವಸ್ಥೆ ಬದಲಾದದ್ದು ಕಂಡರೆ ವಿಂಡೋಸ್ ಆ ಕೀ ಕೇಳುತ್ತದೆ, ಇಲ್ಲದಿದ್ದರೆ ಒಳಗಿರುವ ಕಡತಗಳ ಆಸೆ ಬಿಡಬೇಕು.

ಇನ್‌ಸ್ಟಾಲ್ ಮಾಡಕ್ಕೆ ಹೋದ್ರೆ ಒಳಗಿನ ಡಿಸ್ಕೇ ಕಾಣ್ತಿಲ್ಲ.

ಕೆಲವು ಇಂಟೆಲ್ ಮಷೀನುಗಳಲ್ಲಿ ಡಿಸ್ಕ್ ಆರ್‌ಎಸ್‌ಟಿ ಅಥವಾ ರೇಯ್ಡ್ ಸ್ಥಿತಿಯಲ್ಲಿರುತ್ತದೆ. ಮಷೀನು ಶುರುವಾಗುವಾಗಲೇ ತೆರೆಯುವ ಬಯೋಸ್ ಎಂಬ ಸೆಟ್ಟಿಂಗಿನಲ್ಲಿ ಅದನ್ನು ಎಎಚ್‌ಸಿಐಗೆ ಬದಲಿಸಬೇಕು. ವಿಂಡೋಸನ್ನೂ ಉಳಿಸಿಕೊಳ್ಳುವವರು ನೇರವಾಗಿ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ಅದನ್ನು ಸೇಫ್ ಮೋಡಿನಲ್ಲಿ ಏಳುವಂತೆ ಮಾಡಿ, ಬಯೋಸ್ ಬದಲಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ತೆರೆದು ಮತ್ತೆ ಮಾಮೂಲಿಗೆ ತನ್ನಿ.

ವೈಫೈ ಕಾಣ್ತಿಲ್ಲ. ಡ್ರೈವರ್ ಇಳಿಸ್ಬೇಕಂದ್ರೆ ನೆಟ್ ಬೇಕು, ನೆಟ್‌ಗೆ ವೈಫೈ ಬೇಕು!

ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ. ಅದಕ್ಕೆ ಯಾವ ಡ್ರೈವರೂ ಬೇಡ. ಆಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಬ್ರಾಡ್‌ಕಾಮ್ ಚಿಪ್ ಇರುವ ಹಳೇ ಲ್ಯಾಪ್‌ಟಾಪುಗಳಲ್ಲಿ ಈ ಪರದಾಟ ಹೆಚ್ಚು.

ಆ ಕಪ್ಪು ಪರದೆಯಲ್ಲಿ ಟೈಪ್ ಮಾಡೋದು ಕಲೀಲೇಬೇಕಾ?

ದಿನದ ಬಳಕೆಗೆ ಬೇಡ. ತೊಂದರೆ ಬಂದಾಗ ಸಲಹೆ ಕೊಡುವವರು ಆಜ್ಞೆಗಳನ್ನೇ ಕೊಡುತ್ತಾರೆ, ಏಕೆಂದರೆ ಹತ್ತು ಕ್ಲಿಕ್ಕುಗಳನ್ನು ವಿವರಿಸುವುದಕ್ಕಿಂತ ಒಂದು ಸಾಲು ಕಳಿಸುವುದು ಸುಲಭ. ಅರ್ಥವಾಗದ ಆಜ್ಞೆಯನ್ನು ಅಂಟಿಸಬೇಡಿ, ಅದರಲ್ಲೂ ಪಾಸ್‌ವರ್ಡ್ ಕೇಳುವಂಥದ್ದನ್ನು.

ಆ್ಯಂಟಿವೈರಸ್ ಯಾವುದು ಹಾಕೋದು?

ಸಾಮಾನ್ಯವಾಗಿ ಯಾವುದೂ ಬೇಡ. ತಂತ್ರಾಂಶಗಳನ್ನು ಮಿಂಟ್‌ನ ಸಂಗ್ರಹದಿಂದಲೇ ಹಾಕುವುದರಿಂದ ಕಂಡಕಂಡಲ್ಲಿಂದ ಇಳಿಸುವ ಅಭ್ಯಾಸ ತಪ್ಪುತ್ತದೆ, ಪೆನ್‌ಡ್ರೈವಿನಲ್ಲಿ ಬರುವ ಇಎಕ್ಸ್‌ಇ ವೈರಸ್ಸುಗಳು ಇಲ್ಲಿ ತಾವಾಗಿ ಓಡುವುದಿಲ್ಲ. ಆದರೆ ಕೆವೈಸಿ ಮಾಡಿ ಎಂದು ಬರುವ ಮೋಸದ ಲಿಂಕು ಎಲ್ಲಾ ಸಿಸ್ಟಮ್ಮಿನಲ್ಲೂ ಒಂದೇ.

ಲಿನಕ್ಸ್ ಬಳಸಿ ವಿಂಡೋಸ್‌ಗೆ ಹೋದ್ರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರ್ತದೆ. ಎಂತದು ಇದು?

ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ನಮ್ಮ ಸಮಯ ಐದೂವರೆ ಗಂಟೆ ಮುಂದಿರುವುದರಿಂದ ಅಷ್ಟೇ ವ್ಯತ್ಯಾಸ. ಲಿನಕ್ಸಿಗೆ ಸ್ಥಳೀಯ ಸಮಯವನ್ನೇ ಇಡಲು ಹೇಳುವ ಒಂದು ಸಾಲಿನ ಆಜ್ಞೆ ಇದೆ, ಒಮ್ಮೆ ಕೊಟ್ಟರೆ ಸಾಕು. ಬ್ಯಾಟರಿ ಹೋಗಿದೆ ಎಂದು ಹೊಸ ಸೆಲ್ ಹಾಕಿಸಬೇಡಿ.

ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ವಿಂಡೋಸ್ ಹಾಕ್ಬಹುದಾ?

ಹಾಕಬಹುದು. ಮಷೀನಿನ ಜೊತೆ ಅಸಲಿ ವಿಂಡೋಸ್ ಬಂದಿದ್ದರೆ ಅದರ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಅದೇ ಆವೃತ್ತಿ ಹಾಕಿ ನೆಟ್ ಕೊಟ್ಟ ಮೇಲೆ ತಾನಾಗಿ ಚಾಲೂ ಆಗುತ್ತದೆ. ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವನ್ನು ವಿಂಡೋಸ್ ಇರುವಾಗಲೇ ಮಾಡಿಟ್ಟುಕೊಳ್ಳುವುದು ಸುಲಭ. ಮರೆತು ಅಳಿಸಿದ್ದರೆ ಲಿನಕ್ಸಿನಲ್ಲಿ ವೆಂಟಾಯ್ ಎಂಬುದನ್ನು ಪೆನ್‌ಡ್ರೈವಿಗೆ ಹಾಕಿ, ಅದರೊಳಗೆ ವಿಂಡೋಸಿನ ಐಎಸ್‌ಒ ಕಡತವನ್ನು ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗುತ್ತದೆ.